ಸೌಂಡ್ ಹೋದ ಜಾಗ

ಅಂಗಡಿಯಿಂದ,
ಮಾರ್ಚ್ ೧೪, ಗುರುವಾರ

ನನ್ನ ಮುದ್ದಿನ ಮೋಟುಜಡೆಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅತ್ತೆಯೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಮಾತ್ರ ಬಂದ ನೆಂಟರ ಹಾಗೆ ಹೊರಡುವ ಮಾತೇ ಎತ್ತುತ್ತಿಲ್ಲ. ನೀನು ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ; ಆ ನಂಬಿಕೆಗೆ ಆಧಾರವೇನೂ ಇಲ್ಲ, ಆದರೂ ನಂಬಿದ್ದೇನೆ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ 'ಗಿರಾಕಿ ಕೂತಿದಾರೆ ಕಣೇ, ಆಮೇಲೆ ಮಾಡ್ತೀನಿ' ಎಂದು ಇಟ್ಟುಬಿಡುತ್ತಿದ್ದೆ. ಅಂಗಡಿ ಖಾಲಿ ಇರುತ್ತಿತ್ತು, ನಿನಗೂ ಗೊತ್ತಿತ್ತು. ಅದಕ್ಕೇ ತಾನೇ ನೀನು ಕಾಗದ ಬರೆದದ್ದು? 'ಫೋನಿನಲ್ಲಿ ತಪ್ಪಿಸಿಕೊಳ್ತೀಯ ಅಪ್ಪಾ, ಕಾಗದದಲ್ಲಾದರೂ ಸಿಕ್ಕಿಹಾಕಿಕೊ' ಎಂದಿದ್ದೀ. ಇಗೋ, ಸಿಕ್ಕಿಹಾಕಿಕೊಂಡಿದ್ದೇನೆ.

ನೀನು ಕೇಳಿದ್ದು ಎರಡು. ಒಂದು, ನಮ್ಮ ಊರಿನವರು ನಿನ್ನ ಚಿತ್ರದ ಬಗ್ಗೆ ಏನೆಂದರೋ ಅದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಇನ್ನೊಂದು, ಚಿತ್ರದ ಕೊನೆಯಲ್ಲಿ ಕನ್ನಡಿಯ ಮುಂದೆ ಕೂತ ಆ ಹೆಂಗಸು ಬಾಯಿ ತೆರೆದು ಏನೋ ಹೇಳುತ್ತಾಳಲ್ಲ, ಸೌಂಡ್ ಇಲ್ಲದೆ, ಆ ದಿನ ಅಮ್ಮ ನಿಜವಾಗಿ ಏನು ಹೇಳಿದಳು ಎಂಬುದು. 'ಅಲ್ಲೊಂದು ಮಾತು ಹಾಕದಿದ್ದರೆ ಚಿತ್ರ ಬೇರೆ ಊರುಗಳಿಗೆ ಹೋಗೋದಿಲ್ಲ ಅಂತ ಹಂಚಿಕೆದಾರರು ಪಟ್ಟು ಹಿಡಿದಿದ್ದಾರೆ. ನನಗೆ ತುಟಿ ನೆನಪಿದೆ, ಮಾತು ನೆನಪಿಲ್ಲ. ಅಮ್ಮನ ಮಾತನ್ನೇ ಮರೆತ ಮಗಳು ನಾನು. ನಿನಗೆ ನೆನಪಿದ್ದರೆ ಬರಿ, ಒಳ್ಳೆಯ ದನಿಯ ನಟಿಯ ಹತ್ತಿರ ಹೇಳಿಸುತ್ತೇನೆ' ಎಂದು ಬರೆದಿದ್ದೀ. ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಮೊದಲನೆಯ ಪ್ರಶ್ನೆ ಸುಲಭದ್ದು, ಅದನ್ನೇ ಮೊದಲು ಮುಗಿಸುತ್ತೇನೆ.

ಚಿತ್ರ ಬಂದ ಶುಕ್ರವಾರ ಬೆಳಗಿನಿಂದಲೇ ಅಂಗಡಿಯಲ್ಲಿ ಮದುವೆಮನೆಯ ಗಡಿಬಿಡಿ. ನಿನ್ನ ಪೋಸ್ಟರನ್ನು ಕನ್ನಡಿಯ ಮೇಲೇ ಅಂಟಿಸಿದ್ದೆ. ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ನಿನ್ನ ಕತ್ತರಿ ಮಾಮ, 'ಅಣ್ಣಾ, ಗಿರಾಕಿಗೆ ಅರ್ಧ ಮುಖಾನೇ ಕಾಣಲ್ಲ. ಮೀಸೆ ಸರಿಯಾಗಿದೆಯಾ ಇಲ್ವಾ ಅಂತ ಹೆಂಗೆ ನೋಡ್ಕೋತಾರೆ?' ಎಂದ. 'ಇವತ್ತೊಂದಿನ ನಮ್ಮ ಮಾತಿನ ಮೇಲೆ ನಂಬಿಕೆ ಇಡ್ಲಿ ಬಿಡೋ' ಎಂದೆ. ಬಂದವರಿಗೆಲ್ಲ ಮ್ಯಾಟ್ನಿಗೆ ಬರಲೇಬೇಕೆಂದು ತಾಕೀತು ಮಾಡಿದೆ. ಕೊರಳ ಹತ್ತಿರ ಬ್ಲೇಡು ಇಟ್ಟುಕೊಂಡು ಕರೆದರೆ ಯಾರು ತಾನೇ ಆಗುವುದಿಲ್ಲ ಎನ್ನುತ್ತಾರೆ?

ಟಾಕೀಸು ತುಂಬಿತ್ತು ಎಂದರೆ ಸುಳ್ಳಾದೀತು. ಮುಕ್ಕಾಲು ಪಾಲು ತುಂಬಿತ್ತು. ಹಿಂದಿನ ಸಾಲಿನಲ್ಲಿ ಕೂತು ನೋಡಿದರೆ ಎದುರಿಗೆ ಕಾಣುವ ತಲೆಗಳಲ್ಲಿ ಅರ್ಧಕ್ಕರ್ಧ ನನ್ನ ಕೈಕೆಲಸ. ತೆರೆಯ ಮೇಲೆ ಮಗಳ ಕೆಲಸ, ತೆರೆಯ ಮುಂದೆ ಅಪ್ಪನ ಕೆಲಸ ಎಂದುಕೊಂಡು ಬೀಗಿದೆ. ನಿನ್ನ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು.

ನಿನ್ನ ಚಿತ್ರವನ್ನು ನಿನಗೇ ಹೇಳುವುದು ಹುಚ್ಚುತನ. ಆದರೂ ನಮ್ಮ ಕಣ್ಣಿಗೆ ಹೇಗೆ ಕಂಡಿತೆಂದು ತಿಳಿಯಲಿ. ಒಂದು ಮನೆ, ಅದರಲ್ಲಿ ಕೋಣೆಗಳು ಇದ್ದ ಕಡೆ ಇರುವುದಿಲ್ಲ. ಮಲಗುವ ಕೋಣೆಯೆಂದು ಬಾಗಿಲು ತೆರೆದರೆ ಬೀದಿ. ಆ ಹೆಂಗಸು ಕೈಯಲ್ಲೊಂದು ಕುರ್ಚಿ ಹಿಡಿದು, ಕೂರಲು ಜಾಗ ಹುಡುಕುತ್ತಾ ಕೋಣೆಯಿಂದ ಕೋಣೆಗೆ ಹೋಗುತ್ತಲೇ ಇರುತ್ತಾಳೆ. ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು, ಯಾರೂ ಏನೂ ಅನ್ನುವುದಿಲ್ಲ. ನಡುಮನೆಗೆ ಒಂದು ಬಸ್ಸು ಬಂದು ನಿಲ್ಲುತ್ತದೆ. ಇಳಿದವರೆಲ್ಲ ಸಾಲಾಗಿ ಕೂತು ತಲೆ ಬಗ್ಗಿಸುತ್ತಾರೆ. ಸೂರಿನಿಂದ ಕಪ್ಪು ಕೂದಲು ಸಣ್ಣಗೆ ಉದುರುತ್ತದೆ, ನಿಲ್ಲುವುದೇ ಇಲ್ಲ. ಜನ ಮೊದಮೊದಲು ತೆಪ್ಪಗೆ ನೋಡಿದರು. ಆಮೇಲೆ ಪಿಸುಪಿಸು ಶುರುವಾಯಿತು. ಪಂಕ್ಚರ್ ಅಂಗಡಿಯವನು ಎದ್ದು ನಿಂತು, 'ಯಾರಾದ್ರೂ ಆ ಯಮ್ಮನಿಗೆ ಒಂದು ಜಾಗ ತೋರ್ಸ್ರಪ್ಪಾ, ಕುರ್ಚಿ ಹೊತ್ತೂ ಹೊತ್ತೂ ಸುಸ್ತಾಗಿದಾಳೆ!' ಎಂದು ಕೂಗಿದ. ಹಾಲಿಗೆ ಹಾಲೇ ನಕ್ಕಿತು. ನಿನ್ನ ಅತ್ತೆ ತಿರುಗಿ ಅವನನ್ನು ನೋಡಿದ ನೋಟಕ್ಕೆ ಇನ್ನೊಬ್ಬನಾಗಿದ್ದರೆ ಊರು ಬಿಡುತ್ತಿದ್ದ.

ಕೊನೆಗೆ ಅವಳು ಕನ್ನಡಿಯ ಮುಂದೆ ಕುರ್ಚಿ ಇಟ್ಟು ಕೂರುತ್ತಾಳೆ. ಮೈಮೇಲೆ ಬಿಳಿ ಬಟ್ಟೆ. ಹಿಂದೆ ಒಬ್ಬ ಗಂಡಸಿನ ಕೈಗಳು ಮಾತ್ರ, ಕತ್ತರಿ, ಬಾಚಣಿಗೆ. ಆ ಕೈಗಳ ಬಗ್ಗೆ ನನ್ನದೊಂದು ತಕರಾರಿದೆ. ನಿನ್ನ ನಟ ಹೆಬ್ಬೆರಳನ್ನು ಬುಡದವರೆಗೆ ತೂರಿಸಿ ಕತ್ತರಿ ಹಿಡಿದಿದ್ದಾನೆ. ಹಾಗೆ ಹಿಡಿದರೆ ರಟ್ಟು ಕತ್ತರಿಸಬಹುದು, ಕೂದಲನ್ನಲ್ಲ. ಮನೆಯಲ್ಲೇ ಒಬ್ಬ ಇದ್ದಾನೆ, ಒಂದು ಮಾತು ಕೇಳಬಾರದಿತ್ತೇ? ಇರಲಿ.

ಅವಳು ಕಣ್ಣೆತ್ತಿ ಕನ್ನಡಿ ನೋಡುತ್ತಾಳೆ. ಬಾಯಿ ತೆರೆಯುತ್ತಾಳೆ. ಆಗ ಕತ್ತರಿಯ ಸದ್ದು, ಫ್ಯಾನಿನ ಸದ್ದು, ಹೊರಗಿನ ಬಸ್ಸಿನ ಸದ್ದು ಎಲ್ಲ ಒಟ್ಟಿಗೆ ನಿಂತುಹೋಗುತ್ತದೆ.

ಒಂದು ಗಳಿಗೆ ಎಲ್ಲರೂ ತಾಳಿಕೊಂಡರು. ಆಮೇಲೆ ಮುಂದಿನ ಸಾಲಿನಿಂದ ಒಬ್ಬರು 'ಸೌಂಡ್!' ಎಂದರು. ಶುರುವಾಯಿತು ನೋಡು: 'ಸೌಂಡ್! ಸೌಂಡ್!' ಎಂದು ಶಿಳ್ಳೆ, ಚಪ್ಪಾಳೆ, ಕುರ್ಚಿ ಬಡಿಯುವುದು. ಮೇಲಿನ ಕೋಣೆಯ ಆಪರೇಟರಿಗೂ ತನ್ನ ಮೆಷಿನ್ನೇ ಕೈಕೊಟ್ಟಿತೆಂದು ಗಾಬರಿ. ಪಾಪ, ಆ ವೈರು ಎಳೆದ, ಈ ವೈರು ಚುಚ್ಚಿದ, ಕೊನೆಗೆ ಸೌಂಡಿನ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ಅಷ್ಟರಲ್ಲಿ ನಿನ್ನ ಮೌನ ಮುಗಿದು ಕತ್ತರಿ ಮತ್ತೆ ಆಡಿತು. ಕಚಕ್! ಗೋಡೆ ಅದುರಿತು ಮಗಳೇ. ರಿಟೈರಾದ ಮೇಷ್ಟ್ರ ಕನ್ನಡಕ ಜಾರಿ ಬಿತ್ತು. ಒಂದು ಕೂಸು ಕಿಟಾರೆಂದು ಕಿರುಚಿತು. ಪಂಕ್ಚರ್ ಅಂಗಡಿಯವನು 'ಟಯರ್ ಒಡೀತು!' ಎನ್ನುತ್ತಾ ಸೀಟಿನ ಕೆಳಗೆ ಕೂತುಬಿಟ್ಟ. ಆ ಗದ್ದಲದಲ್ಲಿ ಚಿತ್ರ ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಖಾಲಿ ಕುರ್ಚಿ ತೆರೆಯ ಮೇಲೆ ತನ್ನ ಪಾಡಿಗೆ ತಾನಿತ್ತು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದು 'ನಾಳೆಯಿಂದ ಸೌಂಡ್ ಸರಿಹೋಗುತ್ತೆ' ಎಂದು ಕ್ಷಮೆ ಕೇಳಿದ. ಅವನು ನಿನಗೆ ಫೋನು ಮಾಡಿ 'ಸೌಂಡ್ ಇರೋ ಕಾಪಿ ಕಳ್ಸಿ ಮೇಡಂ' ಎಂದದ್ದು, ನೀನು 'ಅಲ್ಲಿ ಸೌಂಡ್ ಇಲ್ಲ, ಬೇಕಂತಲೇ ಇಲ್ಲ' ಎಂದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಟಿಕೆಟ್ ಕಿಟಕಿಯ ಮೇಲೆ ಒಂದು ಬೋರ್ಡು: 'ಕೊನೆಯಲ್ಲಿ ಸ್ವಲ್ಪ ಹೊತ್ತು ಸೌಂಡ್ ಇರುವುದಿಲ್ಲ. ತಪ್ಪು ನಮ್ಮದಲ್ಲ, ಡೈರೆಕ್ಟರ್ ಅವರದು.' ಈ ಸುದ್ದಿಯೇ ಹಂಚಿಕೆದಾರರ ಕಿವಿಗೂ ಬಿದ್ದಿರಬೇಕು, ಅದಕ್ಕೇ ಅವರು ಈಗ ನಿನ್ನ ಬೆನ್ನು ಬಿದ್ದಿದ್ದಾರೆ. ಆದರೆ ಒಂದು ತಮಾಷೆ ಕೇಳು. ಆ ಬೋರ್ಡು ನೋಡಿಯೇ ಜನ ಬರತೊಡಗಿದರು. ಒಂದೇ ವಾರಕ್ಕೆಂದು ಹಾಕಿದ ಚಿತ್ರ ಎರಡನೇ ವಾರಕ್ಕೂ ಉಳಿಯಿತು. ಊರಿನಲ್ಲಿ ಅದಕ್ಕೊಂದು ಹೆಸರೇ ಬಂತು. 'ಸೌಂಡ್ ಹೋದ ಜಾಗ ನೋಡಿದ್ಯಾ?' ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.

ಅಲ್ಲಿಂದ ನಮ್ಮ ಅಂಗಡಿಯಲ್ಲಿ ಎರಡು ಪಕ್ಷ. ಅವಳು ಬಾಯಿ ತೆರೆದಾಗ ತುಟಿ ಎರಡೂ ಕಡೆ ಹಿಗ್ಗಿ ಹಲ್ಲು ಒಂಚೂರು ಕಾಣುತ್ತದಲ್ಲ, ಅದು ನಗು ಎಂದು ಕೆಲವರು. ಅಲ್ಲ, ಅಳು ಒತ್ತಿ ಬಂದಾಗ ತುಟಿ ಹಾಗಾಗುತ್ತದೆ ಎಂದು ಕೆಲವರು. ನಗುವಿನವರೆಲ್ಲ ನನ್ನ ಕುರ್ಚಿ ಹಿಡಿದರು, ಅಳುವಿನವರು ಕತ್ತರಿ ಮಾಮನದು. ಒಬ್ಬ ಗಿರಾಕಿಯಂತೂ ನನ್ನ ಕುರ್ಚಿ ಖಾಲಿ ಇದ್ದರೂ 'ನಾನು ಅಳುವಿನ ಕಡೆಯವನು' ಎಂದು ಬೆಂಚಿನ ಮೇಲೆ ಕಾದು ಕೂತ. ನಾನು ಯಾವ ಪಕ್ಷವೆಂದು ಯಾರೂ ಕೇಳಲಿಲ್ಲ. ಕುರ್ಚಿ ನನ್ನದಾದ ಮೇಲೆ ನಗುವಿನವನೇ ಎಂದುಕೊಂಡರು.

ಮೇಷ್ಟ್ರು ನಿನ್ನ ಪರ. ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಭಾಷಣ ಶುರು ಮಾಡಿದರು. 'ಇದು ಮಾತು ಕಳ್ಕೊಂಡ ಹೆಣ್ಣಿನ ಕಥೆ ಕಣ್ರಯ್ಯಾ. ಅವಳಿಗೆ ಮನೆ ಇದೆ, ಮನೇಲಿ ಜಾಗ ಇಲ್ಲ. ಬಾಯಿ ಇದೆ, ದನಿ ಇಲ್ಲ. ಎಂಥಾ ಮಾತು ಹೇಳಿದಾಳೆ ಹುಡುಗಿ!'

'ಹೇಳಿದಾಳೆ ಅಂತೀರಿ, ಸೌಂಡೇ ಇಲ್ವಲ್ಲ ಮೇಷ್ಟ್ರೇ,' ಎಂದ ಪಂಕ್ಚರ್ ಅಂಗಡಿಯವನು.

'ಅರ್ಥ ಮಾಡ್ಕೊಳ್ಳೋಕೆ ತಲೆ ಬೇಕಪ್ಪಾ.'

'ತಲೆ ಇರೋದಕ್ಕೇ ಸಾರ್ ಕಟಿಂಗಿಗೆ ಬಂದಿರೋದು! ನಾನು ಹೋಗಿದ್ದು ಎರಡು ಗಂಟೆ ಆರಾಮಾಗಿ ಕೂರೋಣ ಅಂತ. ಈಗ ನಿದ್ದೆ ಬರ್ತಿಲ್ಲ. ಕಣ್ಣು ಮುಚ್ಚಿದ್ರೆ ಸಾಕು, ಮನೆಯೊಳಗೆ ಬಸ್ಸು ಬರುತ್ತೆ.'

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮಾತ್ರ ಮುಖ ಸಿಂಡರಿಸಿದರು, ನೊರೆ ಅಷ್ಟರಲ್ಲಿ ಒಣಗಿ ಬಿರುಕು ಬಿಟ್ಟಿತ್ತು, ಮತ್ತೆ ಹಚ್ಚಬೇಕಾಯಿತು. ಆದರೆ ಅವನು ಹೇಳಿದ್ದನ್ನು ನಾನು ಬೈಗುಳವೆಂದುಕೊಳ್ಳಲಿಲ್ಲ. ಇಷ್ಟು ವರ್ಷ ಎಷ್ಟೋ ಚಿತ್ರ ನೋಡಿದ್ದಾನೆ, ಯಾವುದಾದರೂ ಅವನ ನಿದ್ದೆ ಕೆಡಿಸಿತ್ತೇ?

(ಇಲ್ಲಿ ಇಬ್ಬರು ಬಂದರು, ಒಂದು ಕಟಿಂಗು, ಒಂದು ದಾಡಿ. ಮುಗಿಸಿ ಕೈ ತೊಳೆದು ಮತ್ತೆ ಕೂತಿದ್ದೇನೆ. ಅಕ್ಷರ ಬದಲಾಗಿದ್ದರೆ ಅದಕ್ಕೇ.)

ಮುಚ್ಚುಮರೆ ಬೇಡ ಎಂದೆಯಲ್ಲ, ಹಾಗಾದರೆ ಇದನ್ನೂ ಕೇಳು. ಬ್ಯಾಂಕಿನ ಕ್ಯಾಷಿಯರ್ ಕುರ್ಚಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಹೇಳಿದ: 'ಅಪ್ಪ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ತಲೆ ಬೋಳಿಸ್ತಾನೆ. ಮಗಳು ನೋಡಿ, ಊರಿಗೆ ಊರನ್ನೇ ಒಂದೇ ಸಲ ಕೂರ್ಸಿ ಬೋಳಿಸಿಬಿಟ್ಲು!' ಅಂಗಡಿಯೇ ಹಾರಿಹೋಗುವಷ್ಟು ನಗು. ನಾನೂ ನಕ್ಕೆ. ಅವನ ಕಟಿಂಗನ್ನು ಎಂದಿನಂತೆ ಅಚ್ಚುಕಟ್ಟಾಗಿ ಮಾಡಿಯೇ ಕಳಿಸಿದೆ, ಕೈ ತುರಿಸುತ್ತಿದ್ದರೂ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ನಿನ್ನ ಕೆಲಸವನ್ನು ಆಡಿಕೊಂಡರೆಂದಲ್ಲ. ಅಲ್ಲಿ ಕೂತಿದ್ದವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೆ.

ಆಸ್ಪತ್ರೆಯ ನರ್ಸಮ್ಮ ಅಂಗಡಿಯ ಬಾಗಿಲ ಹತ್ತಿರ ನಿಂತು ನನ್ನನ್ನು ಹೊರಗೆ ಕರೆದರು. ನಿನ್ನ ಚಿತ್ರವನ್ನು ಅವರು ಬಿಡದೆ ನೋಡುತ್ತಿದ್ದಾರಂತೆ. 'ನಮ್ಮಮ್ಮ ಏನೋ ಕೇಳ್ತಿದ್ದಂಗೆ ಅನ್ಸುತ್ತಣ್ಣಾ ಆ ಜಾಗದಲ್ಲಿ. ಏನು ಅಂತ ಇನ್ನೂ ಸಿಕ್ಕಿಲ್ಲ. ಅದಕ್ಕೇ ನಾಳೇನೂ ಹೋಗ್ತೀನಿ' ಎಂದರು. ಅಷ್ಟು ಹೇಳಿ ಡ್ಯೂಟಿಗೆ ಹೊತ್ತಾಯಿತೆಂದು ಸರಸರ ನಡೆದುಬಿಟ್ಟರು. ಅವರು ನಗುವಿನವರೋ ಅಳುವಿನವರೋ ಎಂದು ಕತ್ತರಿ ಮಾಮ ಒಳಗಿನಿಂದಲೇ ಕೂಗಿ ಕೇಳಿದ. ಬಾಯಿ ಮುಚ್ಚಿಕೊಂಡು ಕೆಲಸ ನೋಡೋ ಎಂದೆ.

ಇನ್ನು ನಿನ್ನ ಅತ್ತೆ. ಮೊದಲ ದಿನ ಟಾಕೀಸಿನಿಂದ ಮನೆಯವರೆಗೂ ಒಂದೇ ರಾಗ: 'ಅಡುಗೆಮನೇಲಿ ಅಷ್ಟು ನೀರು ನಿಂತಿದೆ, ಒಬ್ಬರಾದ್ರೂ ಒರೆಸೋದು ಬೇಡ್ವಾ? ಇವಳನ್ನ ಬೆಳೆಸಿದ್ದು ನಾನು ಅಂತ ಎಲ್ಲರಿಗೂ ಗೊತ್ತು. ಜನ ನನ್ನ ಬಗ್ಗೆ ಏನಂದ್ಕೋತಾರೆ?' ಚಿತ್ರದ ಬಗ್ಗೆ ಬೇರೆ ಮಾತೇ ಇಲ್ಲ. ಆಮೇಲೊಂದು ದಿನ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ, 'ಅಣ್ಣಾ, ಅತ್ತಿಗೆಗೆ ಆಗ ಎಲ್ಲಿ ಕೂತ್ರೂ ಸಮಾಧಾನ ಇರ್ತಿರ್ಲಿಲ್ಲ ಅಲ್ವಾ? ಕುರ್ಚೀನ ಅಲ್ಲಿಟ್ಟು ಇಲ್ಲಿಟ್ಟು, ಕಿಟಕಿ ಹತ್ರ ಸ್ವಲ್ಪ ಹೊತ್ತು, ಬಾಗಿಲ ಹತ್ರ ಸ್ವಲ್ಪ ಹೊತ್ತು... ಈ ಮಗೂಗೆ ಅದು ಹೆಂಗೆ ನೆನಪಿದೆ? ಆಗ ಐದು ವರ್ಷ ಅದಕ್ಕೆ' ಎಂದಳು. ಅವಳು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಊರಿನ ಸುದ್ದಿ ಇಷ್ಟು. ಲೆಕ್ಕ ಹಾಕಿದರೆ ನಿನ್ನನ್ನು ಹೊಗಳಿದವರಿಗಿಂತ ಬೈದವರೇ ಜಾಸ್ತಿ. ಆದರೆ ಬೈದವರೂ ಇನ್ನೂ ಅದೇ ಮಾತಾಡುತ್ತಿದ್ದಾರೆ. ಇನ್ನೊಂದು ಗುಟ್ಟು: ಪಂಕ್ಚರ್ ಅಂಗಡಿಯವನು ಹೆಂಡತಿಯನ್ನು ಕರೆದುಕೊಂಡು ಮತ್ತೊಮ್ಮೆ ಹೋಗಿದ್ದ. ಮುಖ ಮುಚ್ಚಿಕೊಂಡು ಕೂತಿದ್ದ, ನಾನು ಕಟಿಂಗಿನಿಂದ ಗುರುತು ಹಿಡಿದೆ.

ಈಗ ನಿನ್ನ ಎರಡನೇ ಪ್ರಶ್ನೆ. ಇಷ್ಟುದ್ದ ಸುತ್ತಿ ಬಳಸಿ ಬರೆದದ್ದೇ ಅಲ್ಲಿಗೆ ಬರಲು ಹೆದರಿ.

ಆವತ್ತು ಅಂಗಡಿಗೆ ವಾರದ ರಜೆ. ನಿನ್ನ ಅಮ್ಮನಿಗೆ ಆಸ್ಪತ್ರೆಯಲ್ಲಿ ಔಷಧಿ ಏರಿಸಲು ಶುರು ಮಾಡಿ ಸ್ವಲ್ಪ ದಿನವಾಗಿತ್ತು. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಕೂದಲು. 'ತಾನಾಗೇ ಉದುರೋದನ್ನ ನೋಡ್ತಾ ಕೂರೋಕಾಗಲ್ಲ, ನೀವೇ ತೆಗೆದುಬಿಡಿ' ಎಂದಳು. ಮನೆಯಲ್ಲೇ ಮಾಡುತ್ತೇನೆಂದೆ. ಒಪ್ಪಲಿಲ್ಲ. 'ಊರಿನವರನ್ನೆಲ್ಲ ಆ ಕುರ್ಚಿ ಮೇಲೆ ಕೂರಿಸಿದೀರಿ. ನನ್ನನ್ನ ಒಂದಿನಾನೂ ಕೂರ್ಸಿಲ್ಲ' ಎಂದು ನಗುತ್ತಾ ಹಟ ಮಾಡಿದಳು. ಸರಿ, ಮೂವರೂ ಅಂಗಡಿಗೆ ಹೋದೆವು.

ನೀನು ಅದನ್ನು ನೋಡುವುದು ಬೇಡವೆಂದು ನಿನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದೆ. ಗಾಜಿನ ಬಾಗಿಲು ಆಗಷ್ಟೇ ಹೊಸದಾಗಿ ಹಾಕಿಸಿದ್ದು, ಭದ್ರವಾಗಿ ಮುಚ್ಚಿಕೊಳ್ಳುತ್ತಿತ್ತು. 'ರಸ್ತೆ ಕಡೆ ನೋಡ್ತಾ ಎಷ್ಟು ಬಸ್ಸು ಬರುತ್ತೆ ಎಣಿಸು' ಎಂದೆ. ನೀನು ಯಾವತ್ತು ಹೇಳಿದ ಮಾತು ಕೇಳಿದವಳು? ಅರ್ಧ ಕೆಲಸವಾದಾಗ ಕನ್ನಡಿಯಲ್ಲಿ ನೋಡುತ್ತೇನೆ, ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದೀ. ಮೂಗು ಚಪ್ಪಟೆಯಾಗಿತ್ತು. ನಿನ್ನ ಹಿಂದಿನ ಬಸ್ಸುಗಳೆಲ್ಲ ಆ ಗಾಜಿನಲ್ಲಿ ಕಾಣುತ್ತಿದ್ದಿರಬೇಕು, ಒಳಗಿನ ಕುರ್ಚಿಯೂ ಕಾಣುತ್ತಿದ್ದಿರಬೇಕು, ಒಂದರ ಮೇಲೊಂದು. ಮನೆಯೊಳಗೆ ಬಸ್ಸು ಹೇಗೆ ಬಂತೆಂದು ಜನ ತಲೆ ಕೆಡಿಸಿಕೊಂಡಿದ್ದಾರೆ. ನನಗೆ ಅದನ್ನು ನೋಡಿದೊಡನೆ ಈ ಗಾಜಿನ ಬಾಗಿಲು ನೆನಪಾಯಿತು. ಅಡುಗೆಮನೆಯ ನೀರು ಮಾತ್ರ ಎಲ್ಲಿಯದೋ ನನಗೂ ಗೊತ್ತಿಲ್ಲ.

ಅದಕ್ಕೇ ಹೇಳುತ್ತೇನೆ, ಇದನ್ನು ಸರಿಯಾಗಿ ಓದಿಕೊ. ನೀನು ಅಮ್ಮನ ಮಾತನ್ನು ಮರೆತಿಲ್ಲ ಕಣಮ್ಮ. ಅದು ನಿನಗೆ ಕೇಳಿಸಿಯೇ ಇರಲಿಲ್ಲ. ನೀನು ಗಾಜಿನ ಆಚೆ ಇದ್ದೆ. ಕಂಡದ್ದನ್ನು ಒಂಚೂರೂ ಬಿಡದೆ ಇಷ್ಟು ವರ್ಷ ಇಟ್ಟುಕೊಂಡಿದ್ದೀ, ಕೇಳದ್ದನ್ನು ಎಲ್ಲಿಂದ ತರುತ್ತೀ? ಮರೆತ ಮಗಳು ಎಂದು ಇನ್ನೊಮ್ಮೆ ಬರೆದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಅವಳು ನಕ್ಕದ್ದೂ ಅಲ್ಲ, ಅತ್ತದ್ದೂ ಅಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ 'ರೀ' ಎಂದಳು. ಅಷ್ಟೇ. ಬೇಕಾದರೆ ಕನ್ನಡಿಯ ಮುಂದೆ ನಿಂತು ಹೇಳಿ ನೋಡು, ತುಟಿ ಎರಡೂ ಕಡೆ ಹಿಗ್ಗುತ್ತದೆ, ಹಲ್ಲು ಒಂಚೂರು ಕಾಣುತ್ತದೆ. ನಾನು ಕತ್ತರಿ ನಿಲ್ಲಿಸಿ 'ಏನೇ?' ಎಂದೆ. 'ಏನಿಲ್ಲ, ಸುಮ್ನೆ ಕರೆದೆ' ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಉಳಿದದ್ದನ್ನು ತೆಗೆದೆ. ಮುಗಿದ ಮೇಲೆ ನಿನ್ನನ್ನು ಒಳಗೆ ಕರೆದರೆ ನೀನು ಅವಳ ತಲೆ ಸವರಿ, 'ಅಮ್ಮ ಅಪ್ಪನ ಗಿರಾಕಿ ಆದ್ಲು' ಎಂದು ಕುಣಿದೆ. ಅವಳು ನಿನ್ನನ್ನು ಎತ್ತಿಕೊಳ್ಳಲು ಹೋದಳು, ಆಗಲಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡಳು.

ಇದೇ ಆ ಮಾತು. ನಗುವಿನವರೂ ಸೋತರು, ಅಳುವಿನವರೂ ಸೋತರು, ಆದರೆ ನಾನಿನ್ನೂ ಅಂಗಡಿಯಲ್ಲಿ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಇಬ್ಬರೂ ನನ್ನ ಮೇಲೆ ಬೀಳುತ್ತಾರೆ. ಹಂಚಿಕೆದಾರರಿಗೆ ಹೇಳು, ಮಾತು ಸಿಕ್ಕಿದೆ, ಒಂದೇ ಅಕ್ಷರ, ಯಾವ ಊರಿನಲ್ಲಾದರೂ ಅರ್ಥವಾಗುತ್ತದೆ ಎಂದು. ನೀನು ಹೇಳಿದಂತೆ ಒಳ್ಳೆಯ ದನಿಯವಳನ್ನು ಕರೆಸಿ ಹೇಳಿಸು. ನೀನು ವರ್ಷಗಟ್ಟಲೆ ಒದ್ದಾಡಿ ಮಾಡಿದ ಚಿತ್ರ ಒಂದು ಅಕ್ಷರಕ್ಕಾಗಿ ಡಬ್ಬಿಯಲ್ಲಿ ಕೂರುವುದು ಬೇಡ. ನಾಲ್ಕು ಊರು ನೋಡಲಿ, ಬೈಯಲಿ, ನಿದ್ದೆ ಕೆಡಿಸಿಕೊಳ್ಳಲಿ. ನಿನ್ನ ಅಮ್ಮ ಇದ್ದಿದ್ದರೂ ಹಾಕು ಎನ್ನುತ್ತಿದ್ದಳು. ತನ್ನಿಂದ ಯಾರ ಕೆಲಸವೂ ನಿಲ್ಲುವುದು ಅವಳಿಗೆ ಆಗುತ್ತಿರಲಿಲ್ಲ.

ಹಿಡಿದ ಕೆಲಸ ನಿನ್ನ ಕೈ ಬಿಡದಿರಲಿ, ಕಂಡ ಕನಸು ಕಣ್ಣು ಬಿಡದಿರಲಿ. ಬೈಯುವವರ ನಡುವೆ ಮತ್ತೆ ಮತ್ತೆ ಬಂದು ನೋಡುವ ಒಬ್ಬರಾದರೂ ನಿನಗೆ ಎಲ್ಲ ಊರಿನಲ್ಲೂ ಸಿಗಲಿ. ಅತ್ತೆ ಆಶೀರ್ವಾದ ತಿಳಿಸಿದ್ದಾಳೆ. ಮುಂದಿನ ಚಿತ್ರದಲ್ಲಿ ಅಡುಗೆಮನೆ ಒಣಗಿರಲಿ ಎಂದೂ ತಿಳಿಸಿದ್ದಾಳೆ. ಕತ್ತರಿ ಮಾಮ ನೆನೆಸಿಕೊಂಡ. ಕೂದಲು ಬೆಳೆದಿದ್ದರೆ ಕಂಡಕಂಡವರ ಕೈಗೆ ಕೊಡಬೇಡ, ಊರಿಗೆ ಬಾ.

ನಿನ್ನ
ಅಪ್ಪ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಒಂದು ವಿಷಯ ಯಾವತ್ತೂ ಹೇಳಿರಲಿಲ್ಲ. ಅಂಗಡಿಗೆ ಬಂದವರೆಲ್ಲ ನನ್ನನ್ನು ಕರೆಯುವುದು ಆ ಒಂದು ಅಕ್ಷರದಿಂದಲೇ. 'ರೀ, ನಂದು ಎಷ್ಟೊತ್ತಾಗುತ್ತೆ?', 'ರೀ, ಕಿವಿ ಹತ್ರ ಇನ್ನೂ ಸಣ್ಣಗೆ ಮಾಡ್ರೀ.' ಇಷ್ಟು ವರ್ಷ ಇಷ್ಟು ಬಾಯಿಗಳಿಂದ ಕೇಳಿ ಕೇಳಿ ಅವುಗಳ ನಡುವೆ ನಿನ್ನ ಅಮ್ಮನದು ಯಾವುದೆಂದು ಗುರುತು ಸಿಗದಂತಾಯಿತು. ಅವಳ ಮಾತುಗಳೆಲ್ಲ ನೆನಪಿವೆ, ಒಂದೂ ಬಿಟ್ಟಿಲ್ಲ. ದನಿ ಮಾತ್ರ ಹೋಗಿಬಿಟ್ಟಿತ್ತು. ಎಷ್ಟು ಕಣ್ಣು ಮುಚ್ಚಿ ಕೂತರೂ ಬರುತ್ತಿರಲಿಲ್ಲ. ಆ ಶುಕ್ರವಾರ ಹಾಲಿನಲ್ಲಿ ಎಲ್ಲರೂ 'ಸೌಂಡ್! ಸೌಂಡ್!' ಎಂದು ಕೂಗುತ್ತಿದ್ದಾಗ ನನಗೆ ಅವಳ ದನಿ ಕೇಳಿಸಿತು ಮಗಳೇ. ಅವಳದೇ. ತೆರೆಯ ಮೇಲೆ ಆ ಜಾಗದಲ್ಲಿ ಬೇರೆ ಯಾರ ದನಿಯೂ ಇರಲಿಲ್ಲವಲ್ಲ, ಅದಕ್ಕೆ. ಈ ಎರಡು ವಾರ ಒಂದು ದಿನವೂ ಬಿಡದೆ ಮ್ಯಾಟ್ನಿಗೆ ಹೋಗಿದ್ದೇನೆ, ಪ್ರತಿ ಸಲವೂ ಕೇಳಿಸಿದೆ. ಇವತ್ತು ಕೊನೆಯ ಆಟ, ಈಗ ಹೊರಟೆ. ನೀನು ದನಿ ಹಾಕು, ಖಂಡಿತ ಹಾಕು, ಅಪ್ಪ ಹೀಗೆಂದನೆಂದು ಕೈ ತಡೆಯಬೇಡ. ಹಾಕಿದ ಮೇಲೆ ಆ ಚಿತ್ರ ನೋಡಲು ನನ್ನನ್ನು ಕರೆಯಬೇಡ, ಅಷ್ಟೇ.